ಎರಡಕ್ಕೆ ಮೂರು ಕೂಡಿಸಿದರೆ ನಾಲ್ಕು!



ಈ ಬೇಸಿಗೆ ರಜೆಯಲ್ಲಿ ನಾವು ಚರ್ಚ್ ಹಾಲಿನ ಹಿಂದಿನ ಕೋಣೆಯಲ್ಲಿ ಕುಳಿತು ಒಂದು ಹಳೆಯ ಕಂಪ್ಯೂಟರಿನ ಪ್ರತಿಕೃತಿ ಕಟ್ಟಿದೆವು. ಅದರ ಹೆಸರು ಆಲ್ಟೇರ್ 8800. 1975ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಇಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಯಂತ್ರ. ಹವ್ಯಾಸಿಗಳು ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಜೋಡಿಸುತ್ತಿದ್ದರು. ಅದಕ್ಕೆ ಕೀಬೋರ್ಡ್ ಇಲ್ಲ, ಪರದೆಯೂ ಇಲ್ಲ. ಮೆಮೊರಿ ಬರೀ 256 ಬೈಟ್. ಮುಂದೆ ಸಾಲು ಸಾಲು ಸ್ವಿಚ್, ಮೇಲೆ ಕೆಂಪು ದೀಪಗಳು, ಅಷ್ಟೇ. ನಮ್ಮದರಲ್ಲಿ ಇಂಟೆಲ್ 8080 ಚಿಪ್ ಬದಲು, ಅದರಂತೆಯೇ ನಡೆದುಕೊಳ್ಳುವ ಪ್ರೋಗ್ರಾಂ ತುಂಬಿದ ಆರ್ಡುಯಿನೊ ಇದೆ.

ದೀಪಗಳಿಗೆ ಸೋಲ್ಡರ್ ಹಾಕಿದ್ದು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, ಒಂಬತ್ತನೇ ತರಗತಿಯ ಹುಡುಗ. ಪ್ರೋಗ್ರಾಂ ಹಾಕಿದ್ದು ದೊಡ್ಡವರಾದ ನಾವು. 14 ಬೈಟ್‌ಗಳ ಕೂಡಿಸುವ ಲೆಕ್ಕ. 2 ಮತ್ತು 3 ಕೊಟ್ಟೆವು. ಉತ್ತರ 5 ಆದರೆ ಎರಡು ದೀಪ ಉರಿಯಬೇಕು. ಉರಿದದ್ದು ಒಂದೇ. ಅಂದರೆ 4!

“ಕೊನೆಯ ದೀಪದ ಸೋಲ್ಡರ್ ಸರಿ ಇಲ್ಲ ಮಾರಾಯ, ನೋಡಿ ಮಾಡಬಾರದಾ?” ಎಂದು ಎಲ್ಲರ ಮುಂದೆ ಹೇಳಿಬಿಟ್ಟೆವು. ಪಾಪ, ಅವನು ಬಿಚ್ಚಿ ಮತ್ತೆ ಬೆಸೆದ. ಆಗಲೂ 4. ಮರುದಿನ ಅವನು ಬರಲಿಲ್ಲ.

ಅವನಿಲ್ಲದೆ ನಾವೇ ಪರೀಕ್ಷಿಸಿದೆವು. ಬರೀ 1 ಹಾಕಿ ನೋಡಿದರೆ ಆ ದೀಪ ಚೆನ್ನಾಗಿಯೇ ಉರಿಯಿತು. ಹಾಗಾದರೆ ತಪ್ಪೆಲ್ಲಿ? ಒಂದೊಂದೇ ಬೈಟ್ ತೆಗೆದು ಪುಸ್ತಕದೊಂದಿಗೆ ತಾಳೆ ನೋಡಿದೆವು. ಎರಡನೇ ಸಂಖ್ಯೆಯನ್ನು ‘ಓದು’ ಎನ್ನುವ ಆಜ್ಞೆ 00111010. ನಾವು ಹಾಕಿದ್ದು 00110010, ಅಂದರೆ ‘ಬರೆ’. ಒಂದೇ ಸ್ವಿಚ್ ವ್ಯತ್ಯಾಸ! ಯಂತ್ರ 3 ಇದ್ದ ಜಾಗದಲ್ಲಿ 2 ಬರೆದು, ಎರಡಕ್ಕೆ ಎರಡು ಕೂಡಿಸಿ ಸರಿಯಾಗಿಯೇ 4 ತೋರಿಸಿತ್ತು. ಯಂತ್ರದ್ದೂ ತಪ್ಪಲ್ಲ, ಹುಡುಗನದ್ದೂ ಅಲ್ಲ.

ಸ್ವಿಚ್ ಸರಿಮಾಡಲು ಅರೆ ನಿಮಿಷ ಸಾಕಿತ್ತು. ಅವನ ಮನೆಯ ಮೆಟ್ಟಿಲು ಹತ್ತುವುದಕ್ಕೆ ಮಾತ್ರ ಸಂಜೆಯವರೆಗೆ ಧೈರ್ಯ ಬರಲಿಲ್ಲ. ಅವನ ಅಮ್ಮ ಚಹಾ ಕೊಟ್ಟರು. “ತಪ್ಪು ನಮ್ಮದೇ, ಬೇಜಾರು ಮಾಡಬೇಡ” ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಗೊತ್ತಿತ್ತು ಅಣ್ಣಾ, ಆದರೆ ಹೇಳಿದರೆ ನೀವು ಕೇಳುತ್ತಿರಲಿಲ್ಲ” ಎಂದ. ನಮಗೆ ಉತ್ತರ ಬರಲಿಲ್ಲ.

ಮರುದಿನ, ಅಳಿಸಿಹೋಗಿದ್ದ 3 ಅನ್ನು ಅವನೇ ಮತ್ತೆ ಹಾಕಿ, ರನ್ ಒತ್ತಿದ. ನಿಲ್ಲಿಸಿ ಉತ್ತರ ತೆಗೆದರೆ ಎರಡು ದೀಪ. ಈಗ ನಮ್ಮ ಕೋಣೆಯಲ್ಲಿ ಒಂದು ನಿಯಮವಿದೆ: ಏನಾದರೂ ಕೆಟ್ಟರೆ, ಮೊದಲು ಮಾತಾಡುವುದು ಎಲ್ಲರಿಗಿಂತ ಚಿಕ್ಕವರು.