ಪ್ರತೀಕಾರವಿರುವ ರೋಗ

ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ವಯಸ್ಸಾದವರ ಕಣ್ಣಿಗೆ ಬರುವ ಎರಡು ಕಾಯಿಲೆಗಳಿಗೆ ಮೋತಿಬಿಂದು, ಕಾಚಬಿಂದು ಎಂಬ ಹೆಸರುಗಳು ಬಳಕೆಯಲ್ಲಿವೆ. ಕಿವಿಗೆ ಒಡಹುಟ್ಟಿದವುಗಳಂತೆ ಕೇಳಿಸುವುದರಿಂದ ಜನರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಆದರೆ ಇವುಗಳ ಸ್ವಭಾವ ಬೇರೆ ಬೇರೆ. ಮೋತಿಬಿಂದು ಎಂದರೆ ಕಣ್ಣಿನ ಪೊರೆ. ಕಣ್ಣೊಳಗಿನ ಮಸೂರವು ಮಬ್ಬಾಗುತ್ತದೆ; ಅದನ್ನು ತೆಗೆದು ಕೃತಕ ಮಸೂರವನ್ನು ಕೂರಿಸಿದರೆ ಹೋಗಿದ್ದ ದೃಷ್ಟಿಯು ಸಾಮಾನ್ಯವಾಗಿ ಮರಳುತ್ತದೆ. ಕಾಚಬಿಂದು, ಅಂದರೆ ಗ್ಲಾಕೋಮಾ, ತೆಗೆದುಕೊಂಡದ್ದನ್ನು ಹಿಂದಿರುಗಿಸುವುದಿಲ್ಲ. ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ತಿಳಿಯಾದ ದ್ರವವು ಸರಾಗವಾಗಿ ಹೊರಹೋಗದಿದ್ದಾಗ ಒಳಗಿನ ಒತ್ತಡ ಏರುತ್ತದೆ, ಮಿದುಳಿಗೆ ನೋಟವನ್ನೊಯ್ಯುವ ದೃಷ್ಟಿನರದ ತಂತುಗಳು ಒಂದೊಂದಾಗಿ ಸಾಯುತ್ತವೆ. ಒತ್ತಡವು ಹೆಚ್ಚಿಲ್ಲದವರಲ್ಲಿಯೂ ಈ ರೋಗ ಕಾಣಿಸಿಕೊಳ್ಳುವುದುಂಟು. ಬಹುಪಾಲು ರೋಗಿಗಳಿಗೆ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ. ಎದುರಿಗಿರುವುದು ಕೊನೆಯವರೆಗೂ ಕಾಣುತ್ತಿರುವುದರಿಂದ ಮನುಷ್ಯನಿಗೆ ತನ್ನ ನಷ್ಟದ ಅರಿವೇ ಆಗುವುದಿಲ್ಲ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಈ ರೋಗವಿದ್ದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ತಮಗಿದೆಯೆಂದೇ ತಿಳಿದಿರಲಿಲ್ಲ.

ಶ್ರಾವಕರ ಮನೆಯಲ್ಲಿ ಕಣ್ಣಿಗೆ ಉಳಿದವರ ಮನೆಗಿಂತ ಒಂದಷ್ಟು ಹೆಚ್ಚಿನ ಕೆಲಸವಿದೆ. ನೀರನ್ನು ಸೋಸುವಾಗ, ಧಾನ್ಯವನ್ನು ಹಸನು ಮಾಡುವಾಗ, ನೆಲವನ್ನು ನೋಡಿ ಹೆಜ್ಜೆಯಿಡುವಾಗ ಅಹಿಂಸೆಯು ಕಣ್ಣನ್ನೇ ಅವಲಂಬಿಸಿರುತ್ತದೆ. ಆದುದರಿಂದಲೇ ವ್ರತಿಗಳಾದ ಹಿರಿಯರಿಗೆ ದೃಷ್ಟಿ ಕುಂದಿದಾಗ ಆಗುವ ವ್ಯಥೆಯು ಕೇವಲ ದೇಹದ್ದಲ್ಲ.

ನಮ್ಮ ದೊಡ್ಡವ್ವನ ವಿಷಯದಲ್ಲಿ ಇದನ್ನು ನಾನು ಹತ್ತಿರದಿಂದ ಕಂಡೆ. ಆಕೆಗೆ ಆಗ ಎಪ್ಪತ್ತೆರಡು ವರ್ಷ. ಹಲವು ವರ್ಷಗಳಿಂದ ಏಕಾಶನ, ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮ, ದಿನವೂ ಸ್ವಾಧ್ಯಾಯ. ಎರಡೂ ಕಣ್ಣುಗಳಲ್ಲಿ ಗ್ಲಾಕೋಮಾ ಇರುವುದು ಕನ್ನಡಕದ ನಂಬರು ಬದಲಿಸಲು ಹೋದಾಗ ಗೊತ್ತಾಯಿತು. ಮೂರು ಬಗೆಯ ಹನಿಔಷಧಗಳನ್ನು ಬರೆದುಕೊಟ್ಟರು. ಒಂದನ್ನು ರಾತ್ರಿ ಮಲಗುವಾಗ ಹಾಕಬೇಕಿತ್ತು. ಕಣ್ಣಿಗೆ ಹಾಕಿದ ಹನಿಯು ಮೂಗಿನ ನಾಳದ ಮೂಲಕ ಗಂಟಲಿಗಿಳಿದು ಕಹಿಯಾಗುವುದನ್ನು ಅನುಭವಿಸಿದವರು ಬಲ್ಲರು. ಆ ಕಹಿ ತಿಳಿದ ದಿನದಿಂದ ದೊಡ್ಡವ್ವ ರಾತ್ರಿಯ ಹನಿಯನ್ನು ನಿಲ್ಲಿಸಿದರು. ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಯಾವ ಹನಿಯೂ ಇಲ್ಲ. ಯಾರಿಗೂ ಹೇಳಲಿಲ್ಲ. ಎರಡು ವರ್ಷಗಳಲ್ಲಿ ಎಡಗಣ್ಣು ಬಹುಪಾಲು ಹೋಯಿತು. ಬಲಗಣ್ಣಿನ ಒತ್ತಡ ಪಾದರಸದ ಮಾಪನದಲ್ಲಿ 28 ಮಿಲಿಮೀಟರಿಗೇರಿತ್ತು; ಸಾಮಾನ್ಯವಾಗಿ ಅದು 10ರಿಂದ 21ರ ನಡುವೆ ಇರುತ್ತದೆ. ಅದೇ ಬಲಗಣ್ಣಿನಲ್ಲಿ ಪೊರೆಯೂ ಬಲಿತಿತ್ತು.

ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ದೊಡ್ಡವ್ವ ಒಪ್ಪಲಿಲ್ಲ. "ಈ ವಯಸ್ಸಿನಾಗ ಕಣ್ಣಿಗೆ ಶಸ್ತ್ರ ಹಚ್ಚಿಸಿಕೊಂಡು ಯಾವ ಸಂಸಾರ ನೋಡೂದೈತಿ, ತಮ್ಮಾ? ಮಹಾರಾಜರ ಕಣ್ಣೂ ಮಂದಾಗಿದ್ದವು. ಅವರು ಏನು ಮಾಡಿದರು ಅನ್ನೂದು ನಿನಗೂ ಗೊತ್ತೈತಿ" ಎಂದರು.

ಆಚಾರ್ಯ ಶಾಂತಿಸಾಗರ ಮಹಾರಾಜರನ್ನು ನೆನೆದು ಆಡಿದ ಮಾತು ಅದು. ನಮ್ಮದೇ ಜಿಲ್ಲೆಯ ಭೋಜ ಗ್ರಾಮದ ಮನೆತನದ ಆ ಮಹಾಮುನಿಗಳು, ದೃಷ್ಟಿ ಕ್ಷೀಣಿಸಿ ಪರರ ಆಸರೆಯಿಲ್ಲದೆ ನಡೆಯಲಾರದ ಸ್ಥಿತಿಯಲ್ಲಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದರು. ನಮ್ಮ ಭಾಗದ ಮನೆಗಳಲ್ಲಿ ಈ ವೃತ್ತಾಂತವನ್ನು ಕೇಳದೆ ಬೆಳೆದವರಿಲ್ಲ. ಆದರೆ ಈರ್ಯಾಸಮಿತಿಯನ್ನು ಮಹಾವ್ರತದ ಅಂಗವಾಗಿ ಪಾಲಿಸುವ ದಿಗಂಬರ ಮುನಿಗಳ ನಿರ್ಣಯವನ್ನು ಮನೆಯಲ್ಲಿರುವ ಶ್ರಾವಿಕೆಯು ತನ್ನ ಚಿಕಿತ್ಸೆಯ ನಿರಾಕರಣೆಗೆ ಆಧಾರವಾಗಿ ಹಿಡಿಯಬಹುದೆ? ಅವರ ಅಳತೆಗೋಲು ಬೇರೆ, ಕಾಲವೂ ಬೇರೆ. ಇಂದು ಗ್ಲಾಕೋಮಾಕ್ಕೆ ಮಾಡುವ ಮುಖ್ಯ ಶಸ್ತ್ರಕ್ರಿಯೆಯು ಅಂದು ಹುಟ್ಟಿರಲೇ ಇಲ್ಲ.

ನಾನು ವಾದಕ್ಕಿಳಿಯಲಿಲ್ಲ. ಆಕೆಯ ಸ್ವಾಧ್ಯಾಯದ ಗ್ರಂಥವಾದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನೇ ತೆರೆದು ಸಲ್ಲೇಖನದ ಭಾಗವನ್ನು ಓದಿ ಹೇಳಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳನ್ನು ಹೇಳುವಾಗ ಆಚಾರ್ಯರು ಪ್ರತೀಕಾರವಿಲ್ಲದ್ದು ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ನಮ್ಮ ಪ್ರವಚನಗಳಲ್ಲಿ ಈ ಒಂದು ಪದವನ್ನು ಅವಸರದಲ್ಲಿ ದಾಟಿಬಿಡುತ್ತೇವೆಂದು ನನಗೆ ಅನೇಕ ಸಲ ಅನ್ನಿಸಿದೆ. ಪ್ರತೀಕಾರವಿರುವ ರೋಗವನ್ನು ಇಲ್ಲದ್ದೆಂದು ಭಾವಿಸಿ ಕೈಚೆಲ್ಲುವುದು ವೈರಾಗ್ಯವೇ ಅಥವಾ ಪ್ರಮಾದವೇ ಎಂಬುದನ್ನು ಆಕೆಯೇ ವಿಚಾರಿಸಲಿ ಎಂದು ಬಿಟ್ಟೆ. ನಾಲ್ಕು ದಿನಗಳ ನಂತರ ದೊಡ್ಡವ್ವ, "ಆ ಡಾಕ್ಟರ್ ಬಾಯಿಗೆ ನಾನ ಕೇಳೂವ ಮಾತು ಅದಾವು, ಕರಕೊಂಡು ಹೋಗು" ಎಂದರು.

ಆ ವೈದ್ಯೆ ಸಾವಧಾನದಿಂದ ಕೂತು ವಿವರಿಸಿದರು. ಒತ್ತಡವನ್ನಿಳಿಸಲು ಶಸ್ತ್ರವನ್ನು ಬಳಸುವ ಕ್ರಮ ಹೊಸದಲ್ಲ. ಬರ್ಲಿನ್ನಿನ ಫಾನ್ ಗ್ರೇಫ್ 1857ರಲ್ಲಿಯೇ ಕಣ್ಣಿನ ಬಣ್ಣದ ಪರದೆಯ ಒಂದು ತುಣುಕನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆಯನ್ನು ಪ್ರಕಟಿಸಿದ್ದರು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ ಕಣ್ಣಿನ ಬಿಳಿಗೋಡೆಗೆ ಸಣ್ಣ ದುಂಡು ರಂಧ್ರವನ್ನು ಕೊರೆದು ದ್ರವಕ್ಕೆ ದಾರಿ ಮಾಡುವ ವಿಧಾನವನ್ನು ಆರಂಭಿಸಿದರು. ಜಗತ್ತು ಬಹುಕಾಲ ಅನುಸರಿಸಿದ ಆ ವಿಧಾನ ರೂಪುಗೊಂಡದ್ದು ನಮ್ಮ ದಕ್ಷಿಣದಲ್ಲಿಯೇ. ತೆರೆದ ರಂಧ್ರದಿಂದ ದ್ರವವು ಮಿತಿಮೀರಿ ಹರಿಯುವ ಅಪಾಯವಿತ್ತು. ಇಂಗ್ಲೆಂಡಿನ ಕೇರ್ನ್ಸ್ 1968ರಲ್ಲಿ ವರ್ಣಿಸಿದ ಟ್ರಾಬೆಕ್ಯುಲೆಕ್ಟಮಿಯಲ್ಲಿ ಆ ರಂಧ್ರದ ಮೇಲೆ ಕಣ್ಣಿನ ಬಿಳಿಗೋಡೆಯದೇ ಅರ್ಧ ದಪ್ಪದ ಒಂದು ಕಿರುಬಾಗಿಲನ್ನು ಮುಚ್ಚಿ ಹೊಲಿಯುತ್ತಾರೆ. ದ್ರವವು ಬಾಗಿಲಿನ ಅಂಚಿನಿಂದ ಹದವಾಗಿ ಜಿನುಗಿ, ಮೇಲಿನ ರೆಪ್ಪೆಯಡಿಯ ತೆಳುಪೊರೆಯ ಕೆಳಗೆ ಸಣ್ಣ ಉಬ್ಬಿನಂತೆ ಸಂಗ್ರಹವಾಗಿ, ಅಲ್ಲಿಂದ ಹೀರಲ್ಪಡುತ್ತದೆ. ದೇಹಕ್ಕೆ ಗಾಯ ಮಾಯಿಸುವುದು ಸಹಜಗುಣ. ಇಲ್ಲಿ ಗಾಯವು ಪೂರ್ತಿ ಮಾಯ್ದರೆ ದಾರಿಯೇ ಮುಚ್ಚುತ್ತದೆ. ಅದನ್ನು ತಡೆಯಲು ಮೈಟೊಮೈಸಿನ್ ಎಂಬ ಔಷಧವನ್ನು ಶಸ್ತ್ರಕ್ರಿಯೆಯ ಸಮಯದಲ್ಲಿ ಕೆಲವು ನಿಮಿಷ ಅಲ್ಲಿ ತಾಗಿಸುತ್ತಾರೆ.

ಪೊರೆಯನ್ನೂ ಇದರೊಂದಿಗೇ ಏಕೆ ತೆಗೆಯಬೇಕು? ಬೇರೆ ಬೇರೆಯಾಗಿ ಮಾಡಿದರೆ ಅರಿವಳಿಕೆ ಎರಡು ಸಲ, ಆರೈಕೆ ಎರಡು ಸಲ. ಟ್ರಾಬೆಕ್ಯುಲೆಕ್ಟಮಿಯನ್ನು ಮಾತ್ರ ಮಾಡಿದರೆ ಪೊರೆಯು ಮತ್ತಷ್ಟು ಬೇಗ ಬಲಿಯುತ್ತದೆ. ಮುಂದೆ ಅದನ್ನು ತೆಗೆಯಲು ಹೋದಾಗ ಚೆನ್ನಾಗಿ ನಡೆಯುತ್ತಿದ್ದ ದಾರಿ ಮುಚ್ಚಿಹೋಗಲೂಬಹುದು. ಪೊರೆಯನ್ನು ಮಾತ್ರ ತೆಗೆದರೆ ಮರುದಿನ ಒತ್ತಡವು ಥಟ್ಟನೆ ಏರುವ ಸಂಭವವಿದೆ, ದುರ್ಬಲವಾದ ನರಕ್ಕೆ ಅಷ್ಟೇ ಸಾಕು. ಎರಡನ್ನೂ ಕೂಡಿಸಿದರೆ ಒತ್ತಡವು ಒಂಟಿ ಟ್ರಾಬೆಕ್ಯುಲೆಕ್ಟಮಿಯಲ್ಲಿ ಇಳಿಯುವಷ್ಟು ಇಳಿಯದೆ ಇರಬಹುದೆಂಬುದನ್ನೂ ವೈದ್ಯೆ ಮುಚ್ಚಿಡಲಿಲ್ಲ. ದ್ರವ ಹೊರಹೋಗುವ ಕೋನವೇ ಇಕ್ಕಟ್ಟಾಗಿರುವ ಬೇರೊಂದು ಬಗೆಯ ಗ್ಲಾಕೋಮಾದಲ್ಲಿ ಕೆಲವರಿಗೆ ಮಸೂರವನ್ನು ತೆಗೆಯುವುದೇ ಒಳ್ಳೆಯ ಚಿಕಿತ್ಸೆಯೆಂದು 2016ರ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಆರಂಭದ ಹಂತದವರಿಗೆ ಪೊರೆ ತೆಗೆಯುವಾಗಲೇ ಅದೇ ಗಾಯದ ಮೂಲಕ ಕಿರುಗೊಳವೆಯನ್ನು ಕೂರಿಸುವ ಪದ್ಧತಿಯೂ ಈಗ ಇದೆ. ದೊಡ್ಡವ್ವನ ಕಣ್ಣು ಆ ಹಂತವನ್ನು ದಾಟಿತ್ತು.

ದೊಡ್ಡವ್ವನ ಪ್ರಶ್ನೆಗಳು ಬೇರೆಯೇ ಇದ್ದವು. "ನನ್ನ ಕಣ್ಣಾಗ ಏನೇನು ಹಾಕತೀರಿ? ಅದರಾಗ ಯಾವ ಜೀವದ್ದು ಏನೈತಿ?" ಎಂಬುದು ಮೊದಲನೆಯದು. ವೈದ್ಯೆ ನಗಲಿಲ್ಲ. ಮಸೂರವು ಕೃತಕ ವಸ್ತು, ದಾರ ನೈಲಾನಿನದು, ಮೈಟೊಮೈಸಿನ್ ಮಣ್ಣಿನ ಸೂಕ್ಷ್ಮಾಣುವಿನಿಂದ ಪಡೆದದ್ದು ಎಂದು ಒಂದೊಂದಾಗಿ ಹೇಳಿದರು. ಶಸ್ತ್ರಕ್ರಿಯೆಯ ವೇಳೆ ಕಣ್ಣೊಳಗಿನ ಜಾಗವನ್ನು ಕಾಪಾಡಲು ಅಂಟುದ್ರವವೊಂದನ್ನು ತುಂಬುತ್ತಾರೆ. ಅದರಲ್ಲಿ ಒಂದು ಬಗೆಯನ್ನು ಹುಂಜದ ಜುಟ್ಟಿನಿಂದ ತೆಗೆಯುವುದುಂಟು, ಸೂಕ್ಷ್ಮಾಣುಗಳಿಂದ ತಯಾರಿಸುವುದೂ ಉಂಟು. ಇನ್ನೊಂದು ಬಗೆ ಸಸ್ಯದ ನಾರಿನಿಂದಾದದ್ದು, ಬೆಲೆಯೂ ಕಡಿಮೆ, ನಮ್ಮ ದೇಶದಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಅರಿವಳಿಕೆಯ ಚುಚ್ಚುಮದ್ದಿಗೆ ಬೆರೆಸುವ ಒಂದು ಕಿಣ್ವವು ಪ್ರಾಣಿಮೂಲದ್ದಾಗಿರಬಹುದು, ಅದಿಲ್ಲದೆಯೂ ಚುಚ್ಚುಮದ್ದನ್ನು ಕೊಡಲು ಬರುತ್ತದೆ. ಸಸ್ಯಮೂಲದ ದ್ರವವನ್ನೇ ಬಳಸುವುದಾಗಿ, ಕಿಣ್ವವನ್ನು ಬಿಡುವುದಾಗಿ ಆಕೆ ಒಪ್ಪಿದರು. ಇಂಥ ಪ್ರಶ್ನೆಯನ್ನು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಕೇಳದೆ ಮನಸ್ಸಿನಲ್ಲೇ ಅಂಜಿ ಚಿಕಿತ್ಸೆಯನ್ನೇ ತಪ್ಪಿಸಿಕೊಳ್ಳುತ್ತಾರೆ. ಮುಂಚಿತವಾಗಿ ಕೇಳಿದರೆ ಉತ್ತರವಿದೆ, ಅನೇಕ ವೇಳೆ ಪರ್ಯಾಯವೂ ಇದೆ.

ಎರಡನೆಯ ಪ್ರಶ್ನೆ ರಾತ್ರಿಯ ಹನಿಯದು. ಹನಿ ಹಾಕಿದ ಕೂಡಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧವು ಗಂಟಲಿಗಿಳಿಯುವುದು ಬಹಳ ಕಡಿಮೆಯಾಗುತ್ತದೆ, ಕಣ್ಣಿನಲ್ಲಿ ಹೆಚ್ಚು ನಿಲ್ಲುತ್ತದೆ. ಈ ಉಪಾಯವನ್ನು ಪ್ರತಿಯೊಂದು ಶ್ರಾವಕ ಕುಟುಂಬವೂ ಕಲಿತಿರಬೇಕು. ಶಸ್ತ್ರಕ್ರಿಯೆಯಾದ ಮೇಲಿನ ಹನಿಗಳನ್ನು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಹಂಚಿಕೊಡಲು ಸಾಧ್ಯವೇ ಎಂದು ಕೇಳಿದಾಗ ವೈದ್ಯೆ ಗಡಿಯಾರ ನೋಡಿ ಲೆಕ್ಕ ಹಾಕಿ ಪಟ್ಟಿಯನ್ನು ಬರೆದುಕೊಟ್ಟರು. ಏಕಾಶನದ ವಿಷಯದಲ್ಲಿಯೂ ಒಂದು ಸೂಚನೆ ಬಂತು: ಒಂದೇ ಉಸಿರಿಗೆ ಲೀಟರುಗಟ್ಟಲೆ ನೀರು ಕುಡಿದರೆ ಕಣ್ಣಿನ ಒತ್ತಡ ಏರುತ್ತದೆ, ಆದ್ದರಿಂದ ಊಟದ ಅವಧಿಯಲ್ಲಿಯೇ ನಿಧಾನವಾಗಿ ಸ್ವಲ್ಪಸ್ವಲ್ಪ ಕುಡಿಯಬೇಕು.

ಮೂರನೆಯದು, "ಎಡಗಣ್ಣು ತಿರುಗಿ ಬರ್ತೈತೇನು?" ಎಂಬುದು. "ಇಲ್ಲಮ್ಮಾ. ಬಲಗಣ್ಣಿನ ಮಬ್ಬು ಹೋಗುತ್ತದೆ. ಆದರೆ ನರ ಕಳೆದುಕೊಂಡದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಲು ಈ ಆಪರೇಷನ್" ಎಂದರು. ರೋಗ ಬಹಳ ಮುಂದುವರಿದಿದ್ದಾಗ ಅಪರೂಪಕ್ಕೆ ಶಸ್ತ್ರಕ್ರಿಯೆಯ ನಂತರ ಉಳಿದಿದ್ದ ನೋಟವೂ ನಂದಿಹೋಗಬಹುದೆಂದು ಕೂಡ ಹೇಳಿದರು. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆರಳಿನ ಗುರುತು ಬೇಡ, ಸಹಿಯನ್ನೇ ಮಾಡುತ್ತೇನೆಂದು ಪೆನ್ನು ಕೇಳಿದರು.

ಶಸ್ತ್ರಕ್ರಿಯೆ ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು. ನಿಜವಾದ ಪರಿಶ್ರಮ ಆಮೇಲಿನದು. ಪೊರೆ ತೆಗೆಸಿಕೊಂಡವರಿಗೆ ಒಂದೆರಡು ಭೇಟಿಗಳು ಸಾಕಾದರೆ ಇದಕ್ಕೆ ಮೊದಲ ತಿಂಗಳಲ್ಲಿ ವಾರವಾರವೂ ಹೋಗಬೇಕು. ಒತ್ತಡ ಹೆಚ್ಚಿದ್ದರೆ ಲೇಸರಿನಿಂದ ಹೊಲಿಗೆಯನ್ನು ಕಡಿಯುತ್ತಾರೆ, ತೀರ ಕಡಿಮೆಯಾದರೆ ಅದೂ ಆತಂಕವೇ. ಬಗ್ಗಬಾರದು, ಭಾರ ಎತ್ತಬಾರದು, ತಲೆಯ ಮೇಲೆ ನೀರು ಹಾಕಿಕೊಳ್ಳಬಾರದು. ಬಸದಿಯಲ್ಲಿ ಪಂಚಾಂಗ ನಮಸ್ಕಾರದ ಬದಲು ನಿಂತೇ ಕೈಮುಗಿದರು. ಗಂಧೋದಕವನ್ನು ಕಣ್ಣಿಗೆ ಒತ್ತಿಕೊಳ್ಳುವ ರೂಢಿ ನಮ್ಮಲ್ಲಿದೆ. ದೊಡ್ಡವ್ವ ಅದನ್ನು ನೆತ್ತಿಗೆ ಮಾತ್ರ ಹಚ್ಚಿಕೊಳ್ಳತೊಡಗಿದರು, ಈಗಲೂ ಹಾಗೆಯೇ. ರೆಪ್ಪೆಯಡಿಯ ಆ ತೆಳುವಾದ ಉಬ್ಬಿನ ಮೂಲಕ ಸೋಂಕು ವರ್ಷಗಳ ನಂತರವೂ ಒಳಹೊಕ್ಕು ಕಣ್ಣನ್ನೇ ಕಳೆಯಬಲ್ಲದು. ಕೆಂಪು, ನೋವು, ಕೀವು, ಮಬ್ಬು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪರ್ವದ ದಿನವೆಂದು ಮುಂದೂಡುವ ಮಾತಿಲ್ಲ.

ನಮ್ಮಣ್ಣನಿಗೆ, ಅಂದರೆ ದೊಡ್ಡವ್ವನ ಮಗನಿಗೆ, ಸಮಾಧಾನವಾಗಲಿಲ್ಲ. ನೆರೆಮನೆಯವರು ಪೊರೆ ತೆಗೆಸಿ ಮೂರನೇ ದಿನ ಸೂಜಿಗೆ ದಾರ ಪೋಣಿಸಿದ್ದರು; ಅವ್ವನಿಗೆ ಎರಡು ತಿಂಗಳಾದರೂ ಹೊಸ್ತಿಲಿನ ಎಡಮೂಲೆ ಕಾಣುವುದಿಲ್ಲವೆಂದರೆ ಹಣ ವ್ಯರ್ಥವಾಯಿತೆಂದು ಅವನ ಭಾವನೆ. ಒತ್ತಡವು 28ರಿಂದ 13ಕ್ಕೆ ಇಳಿದಿದೆಯೆಂದು ಚೀಟಿ ತೋರಿಸಿದರೆ ಅವನಿಗೆ ಅದು ಬರೀ ಅಂಕೆ. ಅವನನ್ನು ದೂಷಿಸಲಾರೆ. ಕಾಣದೆ ಉಳಿದ ನಷ್ಟವನ್ನು ಲಾಭವೆಂದು ಎಣಿಸುವ ಅಭ್ಯಾಸ ಯಾರಿಗಿದೆ?

ನಮ್ಮ ಬಸದಿಗಳ ಟ್ರಸ್ಟುಗಳು ಜಯಂತಿ ಉತ್ಸವಗಳ ಸಂದರ್ಭದಲ್ಲಿ ನೇತ್ರಚಿಕಿತ್ಸಾ ಶಿಬಿರಗಳನ್ನು ನಡೆಸುತ್ತಿರುವುದು ಸಂತೋಷದ ಸಂಗತಿ. ಆದರೆ ನಾನು ಕಂಡ ಶಿಬಿರಗಳಲ್ಲಿ ಅಕ್ಷರಗಳ ಫಲಕವನ್ನು ಓದಿಸಿ, ಟಾರ್ಚ್ ಹಿಡಿದು, ಪೊರೆಯಿದ್ದವರನ್ನು ಬಸ್ಸು ಹತ್ತಿಸುವುದರೊಂದಿಗೆ ಕಾರ್ಯ ಮುಗಿಯುತ್ತದೆ. ಶಸ್ತ್ರಕ್ರಿಯೆಗೊಳಗಾದವರ ಸಂಖ್ಯೆಯನ್ನು ಫಲಕದ ಮೇಲೆ ಬರೆಯಲು ಬರುತ್ತದೆ, ಗ್ಲಾಕೋಮಾದ ಸಂಶಯದಿಂದ ಮುಂದಿನ ಪರೀಕ್ಷೆಗೆ ಕಳುಹಿಸಿದವರ ಸಂಖ್ಯೆಗೆ ಯಾವ ದಾನಿಯೂ ಚಪ್ಪಾಳೆ ತಟ್ಟುವುದಿಲ್ಲ. ನಲವತ್ತು ದಾಟಿದವರಿಗೆ, ವಿಶೇಷವಾಗಿ ತಂದೆತಾಯಿ ಒಡಹುಟ್ಟಿದವರಲ್ಲಿ ಈ ರೋಗವಿದ್ದವರಿಗೆ, ಒತ್ತಡವನ್ನು ಅಳೆದು ದೃಷ್ಟಿನರವನ್ನು ನೋಡುವ ವ್ಯವಸ್ಥೆಯನ್ನು ಶಿಬಿರಕ್ಕೆ ಬರುವ ಆಸ್ಪತ್ರೆಯೊಂದಿಗೆ ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಗ್ಲಾಕೋಮಾದ ಶಸ್ತ್ರಕ್ರಿಯೆಯಾದವರನ್ನು ಮರುಭೇಟಿಗೆ ಕರೆದೊಯ್ಯುವ ಹೊಣೆಯನ್ನೂ ಟ್ರಸ್ಟು ವಹಿಸಬಹುದು. ಔಷಧದಾನದಲ್ಲಿ ಬಸ್ಸಿನ ಟಿಕೇಟು ಸೇರಬಾರದೆಂದು ಎಲ್ಲಿಯೂ ಹೇಳಿಲ್ಲ. ನೇತ್ರದಾನವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟ್ರಾಬೆಕ್ಯುಲೆಕ್ಟಮಿ ಫಲಿಸದವರಿಗೆ ಸಿಲಿಕೋನಿನ ನಳಿಕೆಯನ್ನು ಅಳವಡಿಸುತ್ತಾರೆ; ಮದುರೆಯ ಅರೋಲ್ಯಾಬ್ ಸಂಸ್ಥೆಯು 2013ರಿಂದ ಅದನ್ನು ಅಲ್ಪ ಬೆಲೆಗೆ ತಯಾರಿಸುತ್ತಿದೆ. ಆ ನಳಿಕೆಯ ಮೇಲೆ ಹೊದಿಸಲು ಅನೇಕ ವೇಳೆ ದಾನವಾಗಿ ಬಂದ ಕಣ್ಣಿನ ಬಿಳಿಗೋಡೆಯ ತುಂಡನ್ನೇ ಬಳಸುತ್ತಾರೆ.

ಶಸ್ತ್ರಕ್ರಿಯೆಯಾಗಿ ನಾಲ್ಕು ವರ್ಷಗಳಾದವು. ಈಗ ಬಲಗಣ್ಣಿಗೆ ಒಂದೇ ಹನಿ, ಅದೂ ಬೆಳಿಗ್ಗೆ. ದೊಡ್ಡವ್ವ ದಪ್ಪಕ್ಷರದ ಪುಸ್ತಕವನ್ನು ತಾವೇ ಓದಿಕೊಳ್ಳುತ್ತಾರೆ, ಅಕ್ಕಿಯನ್ನು ತಾವೇ ಆರಿಸುತ್ತಾರೆ. ಮೊಮ್ಮಗಳು ಅವರ ಎಡಬದಿಗೆ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಅಣ್ಣನಿಗೂ ಕಳೆದ ಚಳಿಗಾಲದಲ್ಲಿ ಒತ್ತಡವನ್ನು ಅಳೆಸಿದೆವು. 24 ಬಂತು. ಹನಿ ಶುರುವಾಗಿದೆ, ಮೂಗಿನ ಮೂಲೆಯನ್ನು ಒತ್ತಿ ಹಿಡಿಯುವುದನ್ನು ಅವನಿಗೆ ದೊಡ್ಡವ್ವನೇ ಕಲಿಸಿದರು.