ಕೀ ಬೀಪ್ ಬಂದ್ ಮಾಡುವ ಮೊದಲು ಇದನ್ನೊಮ್ಮೆ ಓದಿ (ಕಾರು-ಖರ್ಚು-ಕಿರಿಕಿರಿ, ಕಂತು 6)

ಮನೆಯಲ್ಲಿ ಪುಶ್ ಬಟನ್ ಕಾರು ಉಂಟಾ? ಹಾಗಾದ್ರೆ ಈ ಕಂತು ನಿಮಗೇ. ಲಾಕ್ ಮಾಡಿದ್ರೆ ಬೀಪ್, ಕೀ ಹಿಡ್ಕೊಂಡು ಇಳಿದ್ರೆ ಬೀಪ್, ಕೀಯ ಬ್ಯಾಟರಿ ಮುಗೀತಾ ಬಂದ್ರೆ ಅದಕ್ಕೂ ಬೀಪ್.

ನಮ್ಮನೆಯಲ್ಲಿ ಇದು ಬರೀ ಕಿರಿಕಿರಿ ಅಲ್ಲ. ಅಜ್ಜಿಗೆ ವಾರಕ್ಕೆ 3 ದಿನ ಡಯಾಲಿಸಿಸ್. ಆಸ್ಪತ್ರೆ ಎದುರು ಅಪ್ಪ ಎಸಿ ಆನ್ ಇಟ್ಟು, ಕೀ ಜೇಬಲ್ಲಿ ಹಾಕ್ಕೊಂಡು ವೀಲ್‌ಚೇರ್ ತರಲಿಕ್ಕೆ ಇಳೀತಾರೆ. ಕಾರು ಕೂಗ್ತದೆ. ತನ್ನಿಂದಲೇ ಎಂತದೋ ಆಯ್ತು ಅಂತ ಅಜ್ಜಿ ಹೆದರಿ, ಬಸ್ಸು ನುಗ್ಗುವ ಬದಿಯ ಬಾಗಿಲಿಗೆ ಕೈ ಹಾಕ್ತಾರೆ. "ಅದನ್ನೊಮ್ಮೆ ಬಂದ್ ಮಾಡಿ ಕೊಡು ಮಾರಾಯ್ತಿ" ಅಂದ್ರು ಅಪ್ಪ. ಮ್ಯಾನುಯಲ್ ಹಿಡ್ಕೊಂಡು ಕೂತೆ.

1) ಲಾಕ್ ಬೀಪ್. ಇದು ಹೋದ್ರೆ ನಷ್ಟ ಇಲ್ಲ. ತುಂಬಾ ಕಾರುಗಳಲ್ಲಿ ಸ್ಕ್ರೀನಿನ ವೆಹಿಕಲ್ ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡ್ಬಹುದು, ಕೆಲವಕ್ಕೆ ಸರ್ವಿಸ್ ಸೆಂಟರಿಗೆ ಹೋಗ್ಬೇಕು. ಲಾಕ್ ಆಯ್ತು ಅಂತ ಲೈಟ್ ಮಿನುಗ್ತದಲ್ಲ, ಸಾಕು.

2) ಬ್ಯಾಟರಿ ಬೀಪ್. ಇದಕ್ಕೆ ಸೆಟ್ಟಿಂಗ್ ಹುಡುಕ್ಬೇಡಿ, ಸೆಲ್ ಬದಲಾಯಿಸಿ. ಹೆಚ್ಚಿನ ಕೀಗಳಲ್ಲಿರೋದು ಸಿಆರ್2032, 3 ವೋಲ್ಟಿನ ಬಿಲ್ಲೆ. ಕೀಯನ್ನು ಮೊಬೈಲಿಗೆ ತಾಗಿಸಿ ಇಡ್ಬೇಡಿ. ಕಾರು ನಿಲ್ಲಿಸುವ ಗೋಡೆಗೇ ನೇತು ಹಾಕಿದ್ರೆ ಎರಡೂ ಮಾತಾಡ್ತಾ ಇರ್ತವೆ, ಸೆಲ್ ಬೇಗ ಖಾಲಿ. ಹಳೇ ಸೆಲ್ ಮಕ್ಕಳ ಕೈಗೆ ಸಿಗ್ಬಾರದು. ನುಂಗಿದ್ರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು, ಕೂಡಲೇ ಆಸ್ಪತ್ರೆಗೆ ಓಡಿ.

3) ಅಜ್ಜಿಯನ್ನು ಹೆದರಿಸುವ ಬೀಪ್. ಬಾಗಿಲು ಮುಚ್ಚಿದ ಕೂಡಲೇ ಕಾರು ಒಳಗೆ ಸಣ್ಣ ರೇಡಿಯೋ ಸಿಗ್ನಲ್ ಕಳಿಸಿ "ಕೀ ಇದ್ಯಾ?" ಅಂತ ಕೇಳ್ತದೆ. ಉತ್ತರ ಬರದಿದ್ರೆ ಕೂಗ್ತದೆ. ಎಂಜಿನ್ ಮಾತ್ರ ನಿಲ್ಲುವುದಿಲ್ಲ, ಯಾಕಂದ್ರೆ ಓಡುವಾಗ ಸಿಗ್ನಲ್ ತಪ್ಪಿದ್ರೆ ಹೈವೇ ಮಧ್ಯೆ ಕಾರು ನಿಂತ್ರೆ ದೊಡ್ಡ ಅಪಾಯ. ಈಗ ಯೋಚಿಸಿ: ಅಪ್ಪ ಕೀ ಸಮೇತ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ಕಾಸರಗೋಡಿನ ರೈಲು ಹತ್ತಿದ್ರು, ನೀವು ಕಾರು ಓಡಿಸಿ ಸುರತ್ಕಲ್‌ನಲ್ಲಿ ಆಫ್ ಮಾಡಿದ್ರಿ. ಮತ್ತೆ ಸ್ಟಾರ್ಟ್ ಆಗ್ಲಿಕ್ಕಿಲ್ಲ! ಆ ಬೀಪ್ ಇರೋದು ಅದಕ್ಕೇ. ನಮ್ಮ ಕಾರಲ್ಲಿ ಅದನ್ನು ಆಫ್ ಮಾಡುವ ಆಯ್ಕೆಯೇ ಇಲ್ಲ. "ವೈರ್ ಕಟ್ ಮಾಡಿ ಕೊಡ್ತೇವೆ" ಅನ್ನೋರು ಸಿಗ್ತಾರೆ, ಬೇಡ.

ಸೀಟ್ ಬೆಲ್ಟ್ ಬೀಪ್ ಕಥೆಯೂ ಹೀಗೇ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಬೆಲ್ಟ್ ರಿಮೈಂಡರ್, 80 ಕಿ.ಮೀ. ದಾಟಿದ್ರೆ ವೇಗದ ಎಚ್ಚರಿಕೆ ಕಡ್ಡಾಯ ಆಯ್ತು. ಜನ ಕ್ಲಿಪ್ ತಂದು ಸಿಕ್ಕಿಸಿ ಬೀಪ್ ಬಾಯಿ ಮುಚ್ಚಿಸಿದ್ರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 5 ಆನ್‌ಲೈನ್ ಕಂಪೆನಿಗಳಿಗೆ ಆ ಕ್ಲಿಪ್ ಮಾರಾಟ ನಿಲ್ಲಿಸಲು ಆದೇಶ ಕೊಡಬೇಕಾಯ್ತು.

ಬಿಕಾಂನಲ್ಲಿ ಆಡಿಟಿಂಗ್ ಓದುವಾಗ ಒಂದು ವಿಷಯ ತಲೆಗೆ ಹೋಗ್ತದೆ: ಆಡಿಟರ್ ಪ್ರಶ್ನೆ ಕೇಳಿದ್ರೆ ಆಡಿಟರನ್ನು ಹೊರಗೆ ಹಾಕ್ಲಿಕ್ಕೆ ಆಗೋದಿಲ್ಲ, ವೋಚರ್ ತೋರಿಸ್ಬೇಕು. ಇಲ್ಲಿ ವೋಚರ್ ಅಂದ್ರೆ ಕೀ.

ಕೀಯನ್ನು ಅಜ್ಜಿಯ ಚೀಲದಲ್ಲೇ ಬಿಡುವ ಅಂದ್ರು ಅಮ್ಮ. ಬೀಪ್ ನಿಲ್ತದೆ ನಿಜ, ಆದ್ರೆ ಯಾರು ಬೇಕಾದ್ರೂ ಹತ್ತಿ ಅಜ್ಜಿ ಸಮೇತ ಕಾರು ಓಡಿಸ್ಬಹುದು! ಅದೂ ಬೇಡ. ಕೊನೆಗೆ ಬದಲಾದದ್ದು ಕಾರಲ್ಲ, ನಾವು. ನನಗೆ ಕ್ಲಾಸ್ ಇಲ್ಲದ ದಿನ ವೀಲ್‌ಚೇರ್ ತರೋದು ನಾನು, ಅಪ್ಪ ಕೀ ಜೊತೆ ಒಳಗೇ. ಕ್ಲಾಸ್ ಇದ್ದ ದಿನ ಅಪ್ಪ ಗ್ಲಾಸ್ ಇಳಿಸಿ, ಎಂಜಿನ್ ಆಫ್ ಮಾಡಿಯೇ ಇಳೀತಾರೆ. ಆಗ ಕಾರಿಗೆ ಕೇಳ್ಲಿಕ್ಕೆ ಎಂತದೂ ಇಲ್ಲ. 5 ನಿಮಿಷದ ಸೆಕೆಗೆ ಅಜ್ಜಿ ಕೈಯಲ್ಲಿ ಹಾಳೆ ಬೀಸಣಿಗೆ ಉಂಟು.

ನಿಮ್ಮ ಮನೆಯಲ್ಲಿ ಯಾವ ಬೀಪ್ ಜಗಳ? ಕಮೆಂಟಲ್ಲಿ ಹೇಳಿ. ಕಾರು ಇರುವ ಮಾವನಿಗೋ ಚಿಕ್ಕಪ್ಪನಿಗೋ ಕಳಿಸಿ. ಮುಂದಿನ ಕಂತು: ಇನ್ಶೂರೆನ್ಸ್ ರಿನ್ಯೂವಲ್‌ನಲ್ಲಿ ಐಡಿವಿ ಅಂದ್ರೆ ಎಂತ?

#ಮಂಗಳೂರು #ಕಾರುಖರ್ಚುಕಿರಿಕಿರಿ #ಕನ್ನಡದಲ್ಲಿಬರೆಯುವ