ತಲೆಯ ಮೇಲಿನ ಗಂಟು

ಪತ್ರಿಕೋದ್ಯಮಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಟ್ಟಡ, ಗಡಗಡನೆ ತಿರುಗುವ ಯಂತ್ರ, ಬಾಗಿಲಲ್ಲಿ ನಿಂತ ಮೋಟಾರು. ಇಂಗ್ಲೆಂಡಿನ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಅಂಥವನೇ. ೧೮೯೬ರಲ್ಲಿ ಅವನು ‘ಡೇಲಿ ಮೇಲ್’ ಪತ್ರಿಕೆಯನ್ನು ಹೊರಡಿಸಿ ಅರ್ಧ ಪೆನ್ನಿಗೆ ಮಾರಿದನು. ಉದ್ದುದ್ದ ಲೇಖನಗಳನ್ನು ಓದಲು ವೇಳೆಯೂ ಇಲ್ಲದ, ಹೆಚ್ಚಿನ ಬೆಲೆ ಕೊಡಲು ಹಣವೂ ಇಲ್ಲದ ಕಾರಕೂನರು ಅದನ್ನು ಮುಗಿಬಿದ್ದು ಕೊಂಡರು. ೧೯೦೮ರಲ್ಲಿ ‘ಟೈಮ್ಸ್’ ಪತ್ರಿಕೆಯೂ ಅವನ ಕೈಸೇರಿತು. ಅಷ್ಟರಲ್ಲಿ ಅವನು ಲಾರ್ಡ್ ನಾರ್ತ್‌ಕ್ಲಿಫ್ ಆಗಿದ್ದನು. ಕಾರಕೂನನೂ ಓದುಗನೇ ಎಂದು ಕಂಡುಕೊಂಡವನೆಂದು, ಸ್ವತಃ ಕಾರಕೂನನಾದ ನನಗೆ ಅವನಲ್ಲಿ ತುಸು ಆದರವುಂಟು.

ಅದೇ ಕಾಲದಲ್ಲಿ ನಮ್ಮ ಕಡೆಗೂ ಒಬ್ಬ ಪತ್ರಿಕೋದ್ಯಮಿ ಇದ್ದರು. ಅವರಿಗೆ ಮೋಟಾರು ಇರಲಿಲ್ಲ; ತಲೆಯ ಮೇಲೊಂದು ಪುಸ್ತಕದ ಗಂಟು ಇತ್ತು. ಈಗಿನ ಹಾವೇರಿ ಜಿಲ್ಲೆಯಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವೆಂಬ ಊರಿದೆ. ಅಲ್ಲಿ ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಕನ್ನಡಿಗರು ಊರಿನ ಹೆಸರಿನಿಂದಲೇ ಗಳಗನಾಥರೆಂದು ಕರೆದರು. ವಯಸ್ಸಿನಲ್ಲಿ ಅವರು ಹಾರ್ಮ್ಸ್‌ವರ್ತನಿಗಿಂತ ಸುಮಾರು ನಾಲ್ಕು ವರ್ಷ ಚಿಕ್ಕವರು, ಅಷ್ಟೆ.

ಗಳಗನಾಥರು ಮೊದಲು ಕನ್ನಡ ಶಾಲೆಯ ಮಾಸ್ತರರು. ಅವರ ‘ಪ್ರಬುದ್ಧ ಪದ್ಮನಯನೆ’ ಕಾದಂಬರಿಗೆ ಧಾರವಾಡದ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತು. ಮುಂದೆ ಅವರು ಮಾಸ್ತರಿಕೆಯನ್ನು ಬಿಟ್ಟು, ಅಗಡಿಯ ಆನಂದವನವನ್ನು ಸೇರಿ, ೧೯೦೭ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ತಿಂಗಳ ಪಗಾರ ಎಂಬುದು ಎಂಥ ಬಲವಾದ ಹಗ್ಗವೆಂಬುದನ್ನು ನನ್ನಂಥವನಿಗೆ ಯಾರೂ ಹೇಳಬೇಕಾದುದಿಲ್ಲ. ಬಡ ಸಂಸಾರಿಯೊಬ್ಬನು ಅದನ್ನು ಬಿಚ್ಚಿಟ್ಟು, ಬರುವರೋ ಬಾರರೋ ತಿಳಿಯದ ಚಂದಾದಾರರನ್ನು ನಂಬಿ ಹೊರಟುದು ನನಗೆ ಹಾರ್ಮ್ಸ್‌ವರ್ತನ ಸಾಹಸಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆಗಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಓದಿದವರ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದುದು ಮರಾಠಿ ಪುಸ್ತಕ. ಕನ್ನಡದಲ್ಲಿ ಓದಲಿಕ್ಕೆ ಏನಿದೆ ಎಂದು ಕೇಳುವವರೇ ಬಹಳ. ಗಳಗನಾಥರು ಆ ಪ್ರಶ್ನೆಯೊಡನೆ ವಾದ ಮಾಡುತ್ತ ಕೂಡಲಿಲ್ಲ. ಪತ್ರಿಕೆಯಲ್ಲಿ ಕಾದಂಬರಿಗಳನ್ನು ಕಂತುಕಂತಾಗಿ ಅಚ್ಚುಮಾಡಿ, ಮುಂದಿನ ತಿಂಗಳ ಸಂಚಿಕೆಗೆ ಜನ ಕಾಯುವಂತೆ ಮಾಡಿದರು. ಪುಸ್ತಕಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮನೆಯ ಬಾಗಿಲಲ್ಲಿ ನಿಂತು ಮಾರಿದರು. ಬರೆದವರೂ ಅವರೇ, ಹೊತ್ತವರೂ ಅವರೇ. ಅಡಿಗೆಮನೆಯಿಂದ ಹೊರಗೆ ಬಾರದ ಹೆಣ್ಣುಮಕ್ಕಳ ಕೈಗೂ ಕನ್ನಡ ಪುಸ್ತಕ ಬಂದುದು ಹೀಗೆ.

ಇದರಲ್ಲಿ ನಮ್ಮ ಪುಣೆಯ ಪಾಲೂ ಇದೆ. ಮಕ್ಕಳ ಶಾಲೆಯ ಪುಸ್ತಕಕ್ಕೆಂದು ನಾವು ಕೋಥರೂಡದಿಂದ ಅಪ್ಪಾ ಬಳವಂತ ಚೌಕಕ್ಕೆ ಹೋಗುತ್ತೇವಷ್ಟೆ. ಅಲ್ಲಿಗೆ ಹತ್ತಿರದಲ್ಲಿಯೇ ಆನಂದಾಶ್ರಮ ಸಂಸ್ಥೆ ಇದೆ. ಮರಾಠಿಯ ಹಿರಿಯ ಕಾದಂಬರಿಕಾರ ಹರಿ ನಾರಾಯಣ ಆಪಟೆಯವರು ಅದರ ವ್ಯವಸ್ಥೆ ನೋಡಿಕೊಂಡವರು. ಅವರೂ ೧೮೯೦ರಲ್ಲಿ ‘ಕರಮಣೂಕ’ ಎಂಬ ವಾರಪತ್ರಿಕೆಯನ್ನು ತೆಗೆದು, ಅದರಲ್ಲಿ ತಮ್ಮ ಕಾದಂಬರಿಗಳನ್ನು ಕಂತಿನಲ್ಲಿ ಕೊಟ್ಟವರು. ವಿಜಯನಗರದ ಪತನವನ್ನು ಕುರಿತು ಆಪಟೆಯವರು ‘ವಜ್ರಾಘಾತ’ ಬರೆದರು. ಅದನ್ನು ಗಳಗನಾಥರು ‘ಕನ್ನಡಿಗರ ಕರ್ಮಕಥೆ’ಯಾಗಿ ಕನ್ನಡಕ್ಕೆ ತಂದರು. ನಮ್ಮ ಮನೆಯ ಕಥೆ ನೆರೆಮನೆಗೆ ಹೋಗಿ, ಅಲ್ಲಿಂದ ಹೊಸ ಅರಿವೆಯುಟ್ಟು ಮರಳಿ ಬಂದಂತಾಯಿತು. ತಂದವರು ನಾಚಲಿಲ್ಲ, ಓದಿದವರು ಬೇಸರಿಸಲಿಲ್ಲ. ಮರಾಠಿಯನ್ನು ದೂರಿ ಕನ್ನಡ ಬೆಳೆಯಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ? ನನ್ನ ಮಗಳು ನೆರೆಯ ಆಜಿಯ ಬಳಿ ಕೂತು ಮರಾಠಿ ಕಥೆ ಕೇಳುವಾಗ ನನಗೆ ಸಂತೋಷವೇ ಆಗುತ್ತದೆ. ಊರಿನಲ್ಲಿರುವ ತನ್ನ ಅಜ್ಜಿಯ ಕಾಗದವನ್ನು ಅವಳೇ ಓದುವಂತಾಗಬೇಕೆಂಬುದಷ್ಟೇ ನನ್ನ ಹಟ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣವಿದೆ. ಈಚೆಗೆ ನಮ್ಮ ಸಂಘದ ಸಭೆಯಲ್ಲಿ ಒಂದು ಸೂಚನೆ ಬಂದಿತು. ಸಂಚಿಕೆಗಳು ಉಳಿಯುತ್ತಿವೆ, ಕಾಗದದ ಬೆಲೆ ಏರಿದೆ. ಅಚ್ಚುಮಾಡುವುದನ್ನು ನಿಲ್ಲಿಸಿ ಮೊಬೈಲಿನಲ್ಲಿ ಕಳಿಸಿದರೆ ಸಾಲದೇ ಎಂದು. ಲೆಕ್ಕ ಬರೆಯುವವನಾದ್ದರಿಂದ ಅದರ ನ್ಯಾಯ ನನಗೂ ಗೊತ್ತು. ಆದರೂ ಉತ್ತರ ಕೊಡುವ ಮೊದಲು ಒಂದು ಭಾನುವಾರ ಇಪ್ಪತ್ತು ಸಂಚಿಕೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ನಮ್ಮ ಓಣಿಯ ಕನ್ನಡ ಮನೆಗಳಿಗೆ ಹೊರಟೆ. “ಹುಡುಗರಿಗೆ ಕನ್ನಡ ಓದಲಿಕ್ಕೆ ಬರೂದಿಲ್ರೀ, ಸುಮ್ಮನ ಯಾಕ ಕೊಡ್ತೀರಿ?” ಎಂದವರುಂಟು. ಆದರೆ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಒಳಗೆ ಕರೆದು ಚಹಾ ಕೊಟ್ಟು, ಕನ್ನಡಕ ಏರಿಸಿ, ಮೊಮ್ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಅಲ್ಲಿಯೇ ಓದತೊಡಗಿದರು. ಅವರು ಬೆರಳಿಟ್ಟ ಕಡೆಗೆ ಹುಡುಗನ ಕಣ್ಣೂ ಹೋಗುತ್ತಿತ್ತು. “ಇದು ಬರ್ತದಂತ ನಮಗ ಯಾರೂ ಹೇಳೇ ಇಲ್ಲಲ್ಲಪಾ!” ಎಂದು ಅವರು ಆಕ್ಷೇಪಿಸಿದರು. ಸಂಜೆ ಎಣಿಸಿದಾಗ ಒಂಬತ್ತು ಪ್ರತಿಗಳು ಹೋಗಿದ್ದವು, ಹನ್ನೊಂದು ಉಳಿದಿದ್ದವು.

ಒಂಬತ್ತು ಎಂಬುದು ದೊಡ್ಡ ಸಂಖ್ಯೆಯಲ್ಲ. ಹಾರ್ಮ್ಸ್‌ವರ್ತನು ಕೇಳಿದ್ದರೆ ನಕ್ಕುಬಿಡುತ್ತಿದ್ದನು. ೧೯೪೨ರಲ್ಲಿ ತೀರಿಕೊಂಡ ಗಳಗನಾಥರು ಮಾತ್ರ ನಗುತ್ತಿರಲಿಲ್ಲ. ಉಳಿದ ಹನ್ನೊಂದನ್ನು ಗಂಟು ಕಟ್ಟಿಕೊಂಡು ಮುಂದಿನ ಓಣಿಯ ದಾರಿ ಕೇಳುತ್ತಿದ್ದರು. ಮೊಬೈಲಿನಲ್ಲಿ ಕಳಿಸುವುದು ಬೇಡವೆಂದು ನಾನು ಹೇಳುವುದಿಲ್ಲ, ಅದೂ ನಡೆಯಲಿ. ಆದರೆ ಬಾಗಿಲು ತಟ್ಟದೆ ಓದುಗರಿಲ್ಲವೆನ್ನುವುದು ಸಲ್ಲದು. ಮುಂದಿನ ಸಂಚಿಕೆಗೆ ಕೋಥರೂಡದ ಪಾಲಿನ ಗಂಟನ್ನು ಹೊರಲು ನಾನು ಒಪ್ಪಿದ್ದೇನೆ. ವಾರಜೆ, ಕರ್ವೆನಗರ, ಬಾವಧನದ ಬಂಧುಗಳಲ್ಲಿ ಯಾರು ಯಾರು ಚೀಲ ಹಿಡಿಯುತ್ತೀರೋ ಸಂಘಕ್ಕೆ ತಿಳಿಸಿರಿ.